ಕಾಗದಕ್ಕೆ ಹೊಡೆಯಲೊಲ್ಲದ ಕೋವಿ

ಆಫ್ರಿಕಾದ ಬೇಟೆ ಶಿಬಿರದಲ್ಲಿ ಪೆಟ್ಟಿಗೆಯಿಂದ ಹೊರಬಂದ ಕೋವಿಗೆ ಆತುರವೋ ಆತುರ. ಕೊಡಗಿನ ಬೋಪಯ್ಯನವರ ಹೊಸ ಕೋವಿ ಅದು. ವಿಮಾನದಲ್ಲೇ ಬೇಟೆಯ ಯೋಜನೆಯನ್ನೆಲ್ಲ ಹಾಕಿ ಮುಗಿಸಿತ್ತು.

"ನಾಳೆ ಕಾಡೆಮ್ಮೆ, ನಾಡಿದ್ದು ಸಿಂಹ," ಎಂದಿತು.

"ಮೊದಲು ಆ ಕಾಗದದ ಗುರಿಗೆ ಹೊಡಿ ಮಗಾ," ಎಂದಿತು ಶಿಬಿರದ ಮುಕ್ಕಾಲಿ. ಗುರಿಯಿಡುವಾಗ ಕೋವಿಯನ್ನು ಆನಿಸುವ ಹಳೆಯ ಮರದ ಮುಕ್ಕಾಲಿ ಅದು. ಎಷ್ಟೋ ಕೋವಿಗಳನ್ನು ಹೊತ್ತು ಕಂಡಿತ್ತು.

"ಕಾಗದಕ್ಕೇ? ಊರಿನಲ್ಲಿ ನೂರು ಗಜದಾಚೆಯ ತೆಂಗಿನಕಾಯಿ ಒಡೆದವನು ನಾನು!"

"ಒಡೆದಿರಬಹುದು. ಆಮೇಲೆ ದಾರಿಯುದ್ದಕ್ಕೂ ಕುಲುಕಾಡಿಕೊಂಡು ಬಂದೆಯಲ್ಲ, ನಿನ್ನ ಗುರಿ ಕದಲಿರಬಹುದು. ಗಾಯಗೊಂಡ ಕಾಡೆಮ್ಮೆ ತಿರುಗಿ ಬೀಳುವುದು ನಿನ್ನ ಮೇಲಲ್ಲ, ಬೋಪಯ್ಯನ ಮೇಲೆ."

ಕೋವಿಗೆ ಬೋಪಯ್ಯನವರೆಂದರೆ ಪ್ರಾಣ. ಗೊಣಗುತ್ತಲೇ ಮುಕ್ಕಾಲಿಗೆ ಒರಗಿತು. ಗುಂಡು ಹಾರಿತು. ಕಾಗದದ ನಡುವಿನ ಚುಕ್ಕೆಗೂ ಗುಂಡಿನ ತೂತಿಗೂ ಒಂದು ಗೇಣು ಅಂತರ. ಅಲ್ಲಿದ್ದುದು ಕಾಡೆಮ್ಮೆಯಾಗಿದ್ದರೆ ಸಾಯುತ್ತಿರಲಿಲ್ಲ, ಗಾಯಗೊಂಡು ನುಗ್ಗಿಬರುತ್ತಿತ್ತು.



"ನಗಬೇಡ ಅಜ್ಜ," ಎಂದಿತು ಕೋವಿ. "ಕಾಡೆಮ್ಮೆ ಇನ್ನೆರಡು ದಿನ ಕಾಯಲಿ. ಇನ್ನೊಂದು ಕಾಗದಕ್ಕೆ ಹೊಡೆಯುತ್ತೇನೆ."

"ನಗುತ್ತಿಲ್ಲ ಮಗಾ," ಎಂದಿತು ಮುಕ್ಕಾಲಿ, "ನಿನಗಾಗಿ ಕಾಲು ಗಟ್ಟಿಯಾಗಿ ಊರಿಕೊಳ್ಳುತ್ತಿದ್ದೇನೆ."