ಮೇಷ್ಟ್ರ ಎಡಹುಬ್ಬು

ಇಂಗ್ಲಿಷ್ ಮೇಷ್ಟ್ರು ಪರಾಂಕುಶರಾಯರಿಗೆ ಒಂದು ಚಟ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತರೆ ಸಾಕು, ಕತ್ತರಿ ಹಿಡಿದವನಿಗೆ ಪರೀಕ್ಷೆ.

"ಸೂಪರ್‌ಸಿಲಿಯಸ್ ಅಂದ್ರೇನಯ್ಯ? ಅರ್ಥಾನೂ ಬೇಕು, ಮೂಲಾನೂ ಬೇಕು. ಮುಂದಿನ ಕಟಿಂಗಿಗೆ ಹೇಳಲಿಲ್ಲವೋ, ನಾನೂ ನನ್ನ ಕ್ಲಬ್ಬಿನ ಹನ್ನೊಂದು ಜನರೂ ಎದುರು ಅಂಗಡಿಗೆ!"

ಹನ್ನೆರಡು ತಲೆ ಒಟ್ಟಿಗೆ ಕೈತಪ್ಪುವುದೆಂದರೆ ಹುಡುಗಾಟವೇ? ಕಟಿಂಗ್ ಶಾಪಿನವನು ಲೈಬ್ರರಿಗೆ ಓಡಿ ದಪ್ಪ ಡಿಕ್ಷನರಿ ತೆಗೆಸಿದ. ಓದಿದ. ಲೈಬ್ರರಿಯವರು ಹೊರಗೆ ಕಳಿಸುವಷ್ಟು ನಕ್ಕ.

ತಿಂಗಳು ಕಳೆದು ರಾಯರು ಬಂದರು. ಕಟಿಂಗ್ ಮುಗಿಯಿತು. "ಎಲ್ಲಿ, ಹೇಳು ನೋಡೋಣ," ಎಂದು ಎಡಹುಬ್ಬನ್ನು ಅರ್ಧ ಹಣೆಗೆ ಏರಿಸಿದರು.

ಹಿಂದಲೆ ತೋರಿಸುವ ಕನ್ನಡಿಯನ್ನು ಅವನು ಥಟ್ಟನೆ ಅವರ ಮುಖಕ್ಕೇ ಹಿಡಿದ.

"ಹಾಗೇ ಇರಿ ಸಾರ್, ಅಲ್ಲಾಡಬೇಡಿ! ಲ್ಯಾಟಿನ್‌ನಲ್ಲಿ ಸೂಪರ್‌ಸಿಲಿಯಂ ಅಂದ್ರೆ ಹುಬ್ಬು. ಹುಬ್ಬೇರಿಸಿ ಎದುರಿನವರನ್ನ ಕೀಳಾಗಿ ನೋಡೋರು ಸೂಪರ್‌ಸಿಲಿಯಸ್. ಮೇಲಿರೋ ಹುಬ್ಬು ಮೂಲ, ಕೆಳಗಿರೋ ಮುಖ ಅರ್ಥ!"

ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದರು. ರಾಯರು ಹುಬ್ಬಿಳಿಸಲು ನೋಡಿದರು. ನಲವತ್ತು ವರ್ಷದ ಅಭ್ಯಾಸ, ಇಳಿಯಲೊಲ್ಲದು. ಕನ್ನಡಿಯಲ್ಲಿ ಅದರ ಪರದಾಟ ನೋಡಿ ಅವರಿಗೇ ನಗು ತಡೆಯಲಾಗಲಿಲ್ಲ.

"ಈ ಹಾಳು ಹುಬ್ಬನ್ನೂ ಕತ್ತರಿಸಿಬಿಡಯ್ಯ!"

"ಅದೊಂದು ಇರಲಿ ಸಾರ್. ನಾಳೆ ನಿಮ್ಮ ಕ್ಲಬ್ಬಿನವರು ಬಂದು ಅರ್ಥ ಕೇಳಿದರೆ ನಾನು ಏನು ತೋರಿಸಲಿ?"