ಎಡಕ್ಕೆ ಹೊರಳುವ ದೀಪ

ಹೊಳೆದಂಡೆಯ ಮೇಲೊಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ವ್ಯಾನು. ಮೂವರಲ್ಲಿ ಯಾರು ಹೆಚ್ಚು ಹಠಮಾರಿ ಅಂತ ಹೇಳೋದು ಕಷ್ಟ.

ಗುರು ಸಂಗಯ್ಯಜ್ಜ. ಶಿಷ್ಯ ತೋಟಪ್ಪ. ವ್ಯಾನಿಗೆ ಹೆಸರಿರಲಿಲ್ಲ, ಬೈಗುಳ ಮಾತ್ರ ಇದ್ದವು.

ವ್ಯಾನಿನ ಎಡಗಡೆಯ ಹಿಂದಿನ ಇಂಡಿಕೇಟರ್ ಬಲ್ಬು ತಿಂಗಳಿಗೆರಡು ಸಲ ಸಾಯುತ್ತಿತ್ತು. ದಾರಿಯ ಗುಂಡಿಗಳ ಏಟಿಗೆ ಒಳಗಿನ ತಂತಿ ತಡೆಯುತ್ತಿರಲಿಲ್ಲ.

ಮರುದಿನ ಒಂಬತ್ತು ಮಂದಿ ಮುದುಕರನ್ನು ಕಣ್ಣಿನ ಆಪರೇಶನ್‌ಗೆ ಪೇಟೆಗೆ ಒಯ್ಯಬೇಕಿತ್ತು. ವ್ಯಾನು ಓಡಿಸುವವನು ತೋಟಪ್ಪ, ಅದೂ ಮೊದಲ ಸಲ. ಅಜ್ಜಾರು ಒಂದೇ ಮಾತು ಹೇಳಿದ್ದರು: "ಆ ದೀಪ ಸರಿ ಆದ್ರ ಹೋಗು. ಇಲ್ಲಾಂದ್ರ ಕೀಲಿ ಮುಟ್ಟಬ್ಯಾಡ."

ತೋಟಪ್ಪ ಸತ್ತ ಬಲ್ಬಿನ ಗಾಜು ಒಡೆದ. ಹಿತ್ತಾಳೆಯ ಬುಡ ಉಳಿಸಿಕೊಂಡ. ಹನ್ನೆರಡು ಹಳದಿ ಎಲ್‌ಇಡಿಗಳನ್ನು ಮೂರು ಮೂರರಂತೆ ಜೋಡಿಸಿ, ಕರೆಂಟು ಹಿಡಿತದಲ್ಲಿಡಲು ಸಾಲಿಗೊಂದು ರೆಸಿಸ್ಟರ್ ಕೊಟ್ಟು, ಬುಡಕ್ಕೆ ಬೆಸುಗೆ ಹಾಕಿದ. ಹನ್ನೆರಡರ ಮುಖವೂ ನೆಟ್ಟಗೆ ಹಿಂದಕ್ಕೆ, ಫೋಟೋಕ್ಕೆ ನಿಂತವರ ಹಾಗೆ.

ಎರಡು ಬೆರಳು ಸುಟ್ಟವು. ಅದನ್ನೂ ತಪಸ್ಸು ಅಂದುಕೊಂಡ.

ಮೊದಲು ದೀಪ ಹುಚ್ಚು ಹಿಡಿದಂತೆ ಪಟಪಟ ಮಿಟುಕಿತು. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ. ಬಲ್ಬು ಸತ್ತೇ ಹೋಗಿದೆ ಅಂತ ದೀಪ ಮಿಟುಕಿಸುವ ಫ್ಲ್ಯಾಷರ್ ತಿಳಿದಿತ್ತು. ಅದನ್ನೂ ಬದಲಿಸಿದ. ದೀಪಕ್ಕೆ ಬುದ್ಧಿ ಬಂತು.

ನಡುಮಧ್ಯಾಹ್ನ ಅಜ್ಜಾರನ್ನು ವ್ಯಾನಿನ ಹಿಂದೆ ತಂದು ನಿಲ್ಲಿಸಿದ.

"ನೋಡ್ರಿ ಅಜ್ಜಾರ. ಕಣ್ಣು ಕುಕ್ಕತೈತಿ."

"ಹೂಂ."

"ಐದು ವರ್ಷ ಗ್ಯಾರಂಟಿ."

"ಗ್ಯಾರಂಟಿ ಕೊಟ್ಟಾವ ಯಾರು?"

"ನಾನ ರೀ."

"ಯಾರಿಗೆ ಮಾಡೀಯಪಾ ಇದನ್ನ?"

"ವ್ಯಾನಿಗೆ ರೀ. ಮತ್ಯಾರಿಗೆ?"

ಅಜ್ಜಾರು ಹೋಗಿ ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಸೈಕಲ್ ಎಳೆದುಕೊಂಡು ಬಂದರು.

"ನೀ ವ್ಯಾನು ಓಡಸು. ನಾ ನಿನ್ನ ಎಡಕ್ಕ, ಒಂದು ಮಾರು ಹಿಂದ ಬರ್ತೀನಿ. ಹುಣಸೀಗಿಡದ ಹತ್ರ ಎಡಕ್ಕ ಹೊಳ್ಳು."

"ನೀವು?"

"ದೀಪ ಕಂಡ್ರ ನಿಲ್ತೀನಿ."

"ಕಾಣದಿದ್ರ?"

"ಕಾಣದಿದ್ರ ಯಾಕ ನಿಲ್ಲಲಿ? ನೆಟ್ಟಗ ಹೋಗ್ತೀನಿ."

"ಅಜ್ಜಾರ, ನಿಮಗ ಎಪ್ಪತ್ತೆರಡು."

"ಸೈಕಲ್ಲಿಗೆ ನಲವತ್ತು. ಅದರ ಮ್ಯಾಲಾದ್ರೂ ಕನಿಕರ ಇರ್ಲಿ."

ಅಡುಗೆಯ ಶಂಕ್ರವ್ವ ಬಾಗಿಲಿಗೆ ಬಂದಳು. "ತೋಟಪ್ಪಾ, ಅಜ್ಜಾರಿಗೆ ಏನರ ಆತಂದ್ರ ಇವತ್ತಿಂದ ನಿನಗ ರೊಟ್ಟಿ ಇಲ್ಲ ನೋಡು."

"ನೀ ರೊಟ್ಟಿ ಬಡಿ ಶಂಕ್ರವ್ವ. ಸೂರ್ಯನ್ನ ತಂದು ಕೂಡಿಸೀನಿ ಅಲ್ಲಿ."

ವ್ಯಾನು ಹೊರಟಿತು. ಎಡಗಡೆಯ ಕನ್ನಡಿಯಲ್ಲಿ ಬಿಳಿ ಗಡ್ಡ, ಕಾವಿ, ಕಿರಗುಡುವ ಸೈಕಲ್ಲು.

ಹುಣಸೆಗಿಡ ಕಂಡಿತು. ತೋಟಪ್ಪ ಇಂಡಿಕೇಟರ್ ಹಾಕಿದ. ಟಕ್. ಟಕ್.

ಕನ್ನಡಿ ನೋಡಿದ. ಅಜ್ಜಾರು ತುಳಿಯುತ್ತಿದ್ದರು.

ಈಗ ನಿಲ್ತಾರೆ ಅಂದುಕೊಂಡ. ಟಕ್. ಟಕ್.

ನಿಲ್ಲಲಿಲ್ಲ.

ಸುಮ್ಮನೆ ಹೆದರಿಸ್ತಿದ್ದಾರೆ ಅಂದುಕೊಂಡ. ವೇಗ ಇಳಿಸಿ ಸ್ಟೇರಿಂಗ್ ಎಡಕ್ಕೆ ಎಳೆದ. ಕನ್ನಡಿಯಲ್ಲಿ ಅಜ್ಜಾರ ಕಣ್ಣು ಕಂಡವು. ದೀಪವನ್ನೇ ನೋಡುತ್ತಿದ್ದವು. ನೋಡುತ್ತ ನೋಡುತ್ತಲೇ ಅಜ್ಜಾರು ತುಳಿಯುತ್ತಿದ್ದರು.

ಸೈಕಲ್ಲಿನ ಮುಂದಿನ ಗಾಲಿ ವ್ಯಾನಿನ ಪಕ್ಕಕ್ಕೆ ಬಂತು.

ಆಮೇಲೆ ಕನ್ನಡಿಯಲ್ಲಿ ಯಾರೂ ಇರಲಿಲ್ಲ.

ತೋಟಪ್ಪ ಬ್ರೇಕಿನ ಮೇಲೆ ಎದ್ದೇ ನಿಂತ. ವ್ಯಾನು ಗಕ್ಕನೆ ನಿಂತು ಬಂದ್ ಆಯಿತು. ಧೂಳು. ಹಿಂದಿನಿಂದ ಯಾವ ಸದ್ದೂ ಇಲ್ಲ.

"ಅಜ್ಜಾರ!"

ಇಳಿದು ಓಡಿದ. ವ್ಯಾನಿನ ಹಿಂದಿನ ಚಕ್ರಕ್ಕೂ ಸೈಕಲ್ಲಿನ ಹ್ಯಾಂಡಲಿಗೂ ನಡುವೆ ಒಂದು ಗೇಣು. ಅಜ್ಜಾರು ಒಂದು ಕಾಲು ನೆಲಕ್ಕೂರಿ ನಿಂತಿದ್ದರು. ಗಡ್ಡದ ತುಂಬ ಧೂಳು.

"ದೀಪ ಹತ್ತಿತ್ತಲ್ರಿ!"

"ಹತ್ತಿರಬೇಕು."

"ನೀವು ಅದನ್ನ ನೋಡಾಕತ್ತಿದ್ರಿ!"

"ನಾ ಅದನ್ನ ನೋಡಾಕತ್ತಿದ್ದೆ. ಅದು ನನ್ನ ನೋಡ್ಲಿಲ್ಲ."

ತೋಟಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಸೈಕಲ್ ಬಂದ ದಾರಿಯಲ್ಲಿ ನಿಂತ. ಒಳಗೆ ಟಕ್ ಟಕ್ ಕೇಳುತ್ತಿತ್ತು. ಬಿಸಿಲಿಗೆ ದೀಪದ ಹೊರಗಾಜು ಖಾಲಿ ಕಂಡಿತು. ಬಲಕ್ಕೆ ಸರಿದು ವ್ಯಾನಿನ ನೇರ ಹಿಂದೆ ನಿಂತ. ಕಣ್ಣು ಕುಕ್ಕಿತು. ಮತ್ತೆ ಎಡಕ್ಕೆ ಬಂದ. ಏನೂ ಇಲ್ಲ.

ನಿನ್ನೆಯಿಂದ ನೂರು ಸಲ ಪರೀಕ್ಷೆ ಮಾಡಿದ್ದ. ನೂರು ಸಲವೂ ಅದೇ ಒಂದು ಜಾಗದಲ್ಲಿ ನಿಂತಿದ್ದ.

ವ್ಯಾನು ತಿರುಗಿಸಿಕೊಂಡು ಬಂದು ಬೆಸುಗೆ ಕಡ್ಡಿ ಕಾಯಿಸಿದ. ಪೇಟೆಯಲ್ಲಿ ನಾಳೆ ಎಷ್ಟು ಸೈಕಲ್ಲು, ಎಷ್ಟು ಸ್ಕೂಟರು ತನ್ನ ಎಡಕ್ಕೆ ಬರುತ್ತವೋ ಅಂತ ನೆನೆಯುತ್ತ ಹನ್ನೆರಡನ್ನೂ ಬಿಚ್ಚಿದ. ಮೂರನ್ನು ಹಿಂದಕ್ಕೆ ಬಿಟ್ಟು, ಒಂಬತ್ತನ್ನು ಸುತ್ತಲೂ ಹೊರಮುಖ ಮಾಡಿ ಕೂರಿಸಿದ. ಈ ಸಲ ಬೆರಳು ಸುಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಬಿಸಿಲು ಇನ್ನೂ ಇತ್ತು. ಅಜ್ಜಾರು ಬಂದರು.

"ಎಲ್ಲಾ ಕಡೆಯಿಂದ ಕಾಣತೈತಿ ರೀ ಈಗ."

"ಖಾತ್ರಿ?"

"ಖಾತ್ರಿ ರೀ. ನಾಳೆ ಮುದುಕರನ್ನ ಕರ್ಕೊಂಡು ಹೋಗ್ಲಿ?"

ಅಜ್ಜಾರು ಕೈ ಚಾಚಿದರು. ತೋಟಪ್ಪ ವ್ಯಾನಿನ ಕೀಲಿ ಕೊಟ್ಟ. ಅವರು ಡ್ರೈವರ್ ಸೀಟಿಗೆ ಹತ್ತಿ ಕೂತು, ಬಾಗಿಲು ಎಳೆದುಕೊಂಡು, ಕಿಟಕಿಯಿಂದ ಇಣುಕಿದರು.

"ಹುಣಸೀಗಿಡದ ಹತ್ರ ನಾ ಎಡಕ್ಕ ಹೊಳ್ಳತೀನಿ. ನೀ ಸೈಕಲ್ ತಗೊಂಡು ಬಾ."