ಬುಟ್ಟಿಯ ರೊಟ್ಟಿ, ಗುಡ್ಡದ ದೀಪ

ಹೊಳೆಯ ದಂಡೆಗೆ ಒಂದು ಮಠ. ಮಠದ ಬೆನ್ನಿಗೆ ಒಂದು ಗುಡ್ಡ. ಮಠದಲ್ಲಿ ಸೋಮಲಿಂಗಜ್ಜ ಎಂಬ ಗುರು, ಅವರ ಕೈಕೆಳಗೆ ನಾಲ್ಕಾರು ಶಿಷ್ಯರು.

ಅವರಲ್ಲಿ ಕೊಟ್ರಯ್ಯ ಬಲು ದಪ್ಪ. ಅವನು ಹರಿಗೋಲು ಹತ್ತಿದರೆ ಅಂಬಿಗ ಉಳಿದವರನ್ನು ಇಳಿಸಿ, "ಸ್ವಾಮ್ಯಾರನ್ನ ದಾಟಿಸಿ ಬರ್ತೀನಿ, ತಡೀರಿ" ಅನ್ನುತ್ತಿದ್ದ. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕೊಟ್ರಯ್ಯನೇ.

ಅವನ ನಗು ನಿಂತದ್ದು ಒಂದು ಯುಗಾದಿಯ ದಿನ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಕಾರ್ತಿಕ ಹುಣ್ಣಿಮೆಯ ಸಂಜೆ ಗುಡ್ಡದ ನೆತ್ತಿಯಲ್ಲಿ ದೀಪ ಹಚ್ಚಬೇಕು. ಎಣ್ಣೆಯ ಕೊಡವನ್ನು ಒಬ್ಬನೇ ಶಿಷ್ಯ ಹೊರಬೇಕು. ಹೊಸ್ತಿಲು ದಾಟಿದ ಕೊಡ ದೀಪದ ಕಂಬದವರೆಗೆ ನೆಲ ಮುಟ್ಟಬಾರದು. ಮುಟ್ಟಿದರೆ ಪಾಳಿ ತಪ್ಪಿತು, ಕೊಡ ಇನ್ನೊಬ್ಬನ ಹೆಗಲಿಗೆ.

"ಈ ಸಲ ಕೊಟ್ರಯ್ಯನ ಪಾಳಿ" ಎಂದು ಅಜ್ಜ ಆ ಯುಗಾದಿಯಂದು ಹೇಳಿದರು.

ಹೊಳೆಯಾಚೆಯ ಊರಲ್ಲಿ ಕೊಟ್ರಯ್ಯನ ಅಕ್ಕ ನೀಲವ್ವ ಇದ್ದಳು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಪ್ರತಿ ಕಾರ್ತಿಕಕ್ಕೂ ಮನೆಯ ಮಾಳಿಗೆ ಹತ್ತಿ ದೀಪ ನೋಡಿ, "ನನ್ನ ತಮ್ಮ ಹಚ್ಚೋದು ಯಾವಾಗೋ" ಅನ್ನುವವಳು. ಸುದ್ದಿ ಮುಟ್ಟಿದ್ದೇ ತಡ, ಅಂಬಿಗನ ಕೈಲಿ ಹೇಳಿ ಕಳಿಸಿದಳು.

"ನಿನ್ನ ದೀಪ ಕಂಡ ಕೂಡ್ಲೆ ಮಾಳಿಗಿ ಮ್ಯಾಲಿಂದ ಆರತಿ ಎತ್ತತೀನಿ. ನೀನೂ ಅಲ್ಲಿಂದ ನೋಡಬೇಕು."

ಕೊಟ್ರಯ್ಯ ಕೊಡದಲ್ಲಿ ನೀರು ತುಂಬಿಕೊಂಡು ಹೊತ್ತು ನೋಡಿದ. ಗುಡ್ಡದ ಬುಡದ ಹುಣಸೆಮರ ಬರುವಷ್ಟರಲ್ಲಿ ಉಸಿರು ಕಟ್ಟಿತು. ಕೊಡ ಇಳಿಸಿ ಅದರ ಪಕ್ಕದಲ್ಲೇ ಕುಳಿತುಬಿಟ್ಟ. ಅಕ್ಕನ ಆರತಿ ನೆನೆದು ಅವನಿಗೆ ಅಳು ಬಂತು.

ಮರುದಿನ ಸಂತೆ. ಅಲ್ಲಿ ಒಬ್ಬ ಮೈಕು ಹಿಡಿದು ಕೂಗುತ್ತಿದ್ದ. "ಕರಗು ಚೂರ್ಣ! ಉಪವಾಸ ಬ್ಯಾಡ, ದುಡಿಮಿ ಬ್ಯಾಡ! ಅಮಾಸಿಗೆ ಆನಿ, ಹುಣ್ಣಿವಿಗೆ ಜಿಂಕಿ!" ಡಬ್ಬಿಯ ಮೇಲೆ ಒಬ್ಬ ದಪ್ಪನ ಚಿತ್ರ, ಪಕ್ಕದಲ್ಲೇ ಒಬ್ಬ ತೆಳ್ಳನ ಚಿತ್ರ.

ಕೊಟ್ರಯ್ಯ ಡಬ್ಬಿ ಕೊಂಡು ಕಂಕುಳಲ್ಲಿಟ್ಟುಕೊಂಡು ಬಂದ.

ಚೂರ್ಣ ಹೊಟ್ಟೆಗೆ ಬಿದ್ದದ್ದೇ ತಡ, ಚೊಂಬು ಹಿಡಿದು ಹೊಳೆಯ ಕಡೆ ಓಟ ಸುರುವಾಯಿತು. ಬೆಳಗ್ಗೆ ಓಡಿದ, ಮಧ್ಯಾಹ್ನ ಓಡಿದ. ಮಠದಲ್ಲಿ ಅವನು ಅಷ್ಟು ಚುರುಕಾಗಿದ್ದನ್ನು ಯಾರೂ ಕಂಡಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕುಣಿಯುತ್ತಾ ಬಂದ. "ಅಜ್ಜಾರ, ಉಡದಾರ ಸಡ್ಲ ಆತ್ರಿ!"

"ಭೇಷ್. ಕೊಡ ಎತ್ತು ನೋಡೋಣು" ಎಂದರು ಅಜ್ಜ.

ಕೊಡ ಮೊಣಕಾಲಿನವರೆಗೂ ಬರಲಿಲ್ಲ. ಕಣ್ಣು ಕತ್ತಲೆ ಬಂದು ಕೊಟ್ರಯ್ಯ ಗೋಡೆ ಹಿಡಿದು ನಿಂತ. ಆಮೇಲೆ ಹಸಿವು ಕೆರಳಿತು ನೋಡಿ, ಕೈಗೆ ಸಿಕ್ಕಿದ್ದೆಲ್ಲ ತಿಂದ. ಹುಣ್ಣಿಮೆಯ ಹೊತ್ತಿಗೆ ಉಡದಾರ ಮೊದಲಿಗಿಂತ ಬಿಗಿಯಾಗಿತ್ತು.

ಕೊಟ್ರಯ್ಯ ಇನ್ನೊಂದು ಡಬ್ಬಿ ತಂದ.

ಅದನ್ನು ಅಜ್ಜ ಕೈಗೆ ತೆಗೆದುಕೊಂಡರು. ಚಿತ್ರ ನೋಡಿದರು. "ಇವರು ಇಬ್ರು ಬ್ಯಾರೆ ಬ್ಯಾರೆ ಮನಶ್ಯಾರು ಅದಾರಲ್ಲೋ. ಇವನ ಕಿವ್ಯಾಗ ಒಂಟಿ ಐತಿ, ಅವಂಗ ಕಿವಿನ ಚುಚ್ಚಿಲ್ಲ."

ಹೀಗೆಂದು ತಮ್ಮ ಲೋಟಕ್ಕೆ ನೀರು ಹಾಕಿ, ಚೂರ್ಣ ಸುರಿದು, ಬೆರಳಿಂದ ಕಲಕಿದರು.

"ಅಜ್ಜಾರ, ಏನ್ ಮಾಡಾಕ ಹತ್ತೀರಿ?"

"ಕುಡಿಯಾಕ ಹತ್ತೀನಿ."

"ನಿಮ್ಮ ಮೈಯಾಗ ಕರಗಾಕ ಏನೈತ್ರಿ?"

"ವಯಸ್ಸು ಕರಗತೈತೇನೋ ನೋಡೋಣು."

ಲೋಟ ತುಟಿಯ ಹತ್ತಿರ ಹೋಗುತ್ತಲೇ ಕೊಟ್ರಯ್ಯ ಹಾರಿಬಂದು ಕಸಿದುಕೊಂಡ. ಅಂಥ ಮೈಯನ್ನು ಹೇಗೆ ಎತ್ತಿಕೊಂಡು ಬಂದನೋ ಅವನಿಗೇ ಗೊತ್ತಾಗಲಿಲ್ಲ.

"ಬ್ಯಾಡ್ರಿ ಅಜ್ಜಾರ! ಜೀವಕ್ಕ ಕುತ್ತು ಬರ್ತೈತಿ! ಇದನ್ನ ನಿಮಗ ಕುಡಿಸಿ ನಾನು ಯಾವ ನರಕಕ್ಕ ಹೋಗ್ಲಿ?"

"ಹೌದಾ? ನನ್ನ ಹೊಟ್ಟಿಗೆ ವಿಷ ಆದದ್ದು ನಿನ್ನ ಹೊಟ್ಟಿಗೆ ಹೆಂಗ ಔಷಧ ಆತು, ತಮ್ಮಾ?"

ಕೊಟ್ರಯ್ಯ ಲೋಟ ಹಿಡಿದು ಹೊರಗೆ ನಡೆದ. ಚೂರ್ಣದ ನೀರನ್ನು ಬೂದಿಗುಂಡಿಗೆ ಸುರಿದ, ಡಬ್ಬಿಯನ್ನೂ ಅಲ್ಲೇ ಎಸೆದ. ಆಮೇಲೆ ಬಂದು ಅಜ್ಜನ ಕಾಲ ಹತ್ತಿರ ಕುಳಿತ.

"ಹಂಗಾದ್ರ ಕೊಡ ಹೊರೋದು ಹೆಂಗ್ರಿ?"

"ಮೊದಲು ನಿನ್ನ ಹೊಟ್ಟಿ ಎಲ್ಲಿ ಬೆಳೀತೈತಿ ನೋಡೋಣು" ಎಂದರು ಅಜ್ಜ.

ಮಠದಲ್ಲಿ ಅಡುಗೆ ಬಡಿಸುವ ಕೆಲಸ ಕೊಟ್ರಯ್ಯನದು. ಭಕ್ತರ ಪಂಕ್ತಿಯಲ್ಲೇ ಅವನೂ ಒಂದು ಊಟ ಮಾಡುತ್ತಿದ್ದ. ಎಲ್ಲರೂ ಎದ್ದ ಮೇಲೆ ಪಾತ್ರೆಗಳ ಮುಂದೆ ಮತ್ತೆ ಕೂರುತ್ತಿದ್ದ. ಉಳಿದ ರೊಟ್ಟಿ, ತಳದ ಪಲ್ಯ, ಗಂಗಾಳದ ಅಂಚಿನ ನುಚ್ಚು, ಎಲ್ಲವನ್ನೂ ಬಳಿದು ಉಣ್ಣುತ್ತಿದ್ದ. ಹಸಿದು ಉಂಡದ್ದಲ್ಲ. ಭಕ್ತಿಯಿಂದ ಉಂಡದ್ದು.

ಅಂದು ಸಂಜೆ ಅಜ್ಜ ಬಂದು ಬಾಗಿಲಲ್ಲಿ ನಿಂತರು.

"ಏನ್ ಮಾಡಾಕ ಹತ್ತೀಯೋ?"

"ಪ್ರಸಾದ ಚೆಲ್ಲಬಾರದಲ್ರಿ ಅಜ್ಜಾರ."

"ಚೆಲ್ಲಬಾರದು. ಖರೆ. ಆದ್ರ ಉಳಿದದ್ದೆಲ್ಲಾ ತುಂಬಾಕ ನಿನ್ನ ಹೊಟ್ಟಿ ಏನು ಮಠದ ಕಣಜೇನು?"

ಅಜ್ಜ ಗುಡ್ಡದ ಕಡೆ ಕೈ ತೋರಿದರು. ಹುಣಸೆಮರದ ಆಚೆ, ಸ್ವಲ್ಪ ಮೇಲೆ, ಕುರಿಹಟ್ಟಿಯ ಹೊಗೆ ಏಳುತ್ತಿತ್ತು. ಬೀರಪ್ಪ ಮತ್ತು ಅವನ ಮಂದಿ ದಿನವಿಡೀ ಕುರಿ ಕಾಯ್ದು ಆಗಷ್ಟೇ ಬಂದಿದ್ದರು.

"ಹಸಿವು ಅಲ್ಲೈತಿ. ರೊಟ್ಟಿ ಇಲ್ಲೈತಿ. ನಡುವ ನೀನದಿ. ಬುಟ್ಟಿ ಎತ್ತು."

ಮೊದಲ ಸಂಜೆ ಕೊಟ್ರಯ್ಯ ಬುಟ್ಟಿ ಹೊತ್ತು ಹೋದ. ನಡುವೆ ಎಷ್ಟು ಸಲ ಕುಳಿತನೋ ಲೆಕ್ಕವಿಲ್ಲ. ಹಟ್ಟಿಯ ನಾಯಿಗಳು ಕಳ್ಳನೆಂದು ಬೊಗಳಿದವು. ಬೀರಪ್ಪ ಬುಟ್ಟಿ ಇಳಿಸಿಕೊಂಡು, ರೊಟ್ಟಿ ಮುರಿದು, "ನಮ್ಮ ಪುಣ್ಯ ಗುಡ್ಡ ಹತ್ತಿ ಬಂತಲ್ರಿ ಸ್ವಾಮ್ಯಾರ" ಎಂದ.

ಆ ಮಾತು ಕೊಟ್ರಯ್ಯನಿಗೆ ಯಾವ ಹೋಳಿಗೆಗಿಂತಲೂ ಸಿಹಿಯಾಯಿತು.

ಎರಡನೆಯ ಸಂಜೆ ಕಾಲು ನೋವು. "ಅಜ್ಜಾರ, ಇವತ್ತು ಬಿಡಲೇನ್ರಿ?"

"ಬಿಡು. ಬೀರಪ್ಪಗ ಹೇಳಿ ಬಾ, ಇವತ್ತು ಬರೂದಿಲ್ಲ ಅಂತ."

ಹೇಳಿಬರಲು ಹೋಗುವುದೇ ಆದರೆ ರೊಟ್ಟಿಯನ್ನೇ ಒಯ್ಯಬಹುದಲ್ಲ! ಕೊಟ್ರಯ್ಯ ಗೊಣಗುತ್ತಾ ಬುಟ್ಟಿ ಎತ್ತಿದ.

ಹೀಗೆ ಬೇಸಿಗೆ ಕಳೆಯಿತು. ನಾಯಿಗಳು ಬೊಗಳುವುದನ್ನು ಬಿಟ್ಟು ಎದುರುಗೊಳ್ಳಲು ಓಡಿಬರತೊಡಗಿದವು. ಪಂಕ್ತಿಯ ಒಂದು ಊಟವೇ ಅವನಿಗೆ ಸಾಕಾಯಿತು.

ಮಳೆ ಬಿತ್ತು. ಗುಡ್ಡದ ಮೇಲುಮೇಲಕ್ಕೆ ಹುಲ್ಲು ಚಿಗುರಿತು. ಹುಲ್ಲಿನ ಹಿಂದೆ ಕುರಿ, ಕುರಿಯ ಹಿಂದೆ ಹಟ್ಟಿ.

"ಅಜ್ಜಾರ, ಹಟ್ಟಿ ಮ್ಯಾಲಕ್ಕ ಹೋತ್ರಿ!"

"ಹಸಿವು ಎಲ್ಲೈತೋ ರೊಟ್ಟಿ ಅಲ್ಲಿಗೆ ಹೋಗಬೇಕು, ತಮ್ಮಾ."

ಕೊಟ್ರಯ್ಯ ಕಂಬಳಿಯ ಕೊಪ್ಪೆ ಹಾಕಿಕೊಂಡು ಹತ್ತಿದ. ಎಲ್ಲಿ ಜಾರುತ್ತದೆ, ಎಲ್ಲಿ ಕಲ್ಲು ಗಟ್ಟಿ ಇದೆ ಎಂಬುದು ಕಾಲಿಗೇ ತಿಳಿದುಹೋಯಿತು. ಒಂದು ದಿನ ಹಾಡು ಹೇಳುತ್ತಾ ಹತ್ತಿದ. ಹಾಡಲು ಉಸಿರು ಉಳಿದಿದೆಯಲ್ಲ ಎಂದು ಅರ್ಧ ದಾರಿಯಲ್ಲಿ ನಿಂತು ಬೆರಗಾದ.

ಪಂಚಮಿ ಹಬ್ಬಕ್ಕೆ ಅಕ್ಕನ ಮನೆಗೆ ಹೋದ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ನೀಲವ್ವ ಕೊಡುತ್ತಾ ಹೋದಳು, ಅವನು ತಿನ್ನುತ್ತಾ ಹೋದ. ಮಠಕ್ಕೆ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತ.

"ಎಲ್ಲಾ ಹಾಳಾತ್ರಿ ಅಜ್ಜಾರ. ಇಷ್ಟು ದಿನದ್ದೆಲ್ಲಾ ನೀರಾಗ ಹೋಮ ಆತು."

"ಉಂಡಿ ರುಚಿ ಇದ್ವೇನು?"

"ಭಾಳ ರುಚಿ ಇದ್ವ್ರಿ."

"ನನಗೊಂದು ತಂದಿಲ್ಲೇನು?"

"ತಂದೀನ್ರಿ."

ಅಜ್ಜ ಉಂಡಿಯನ್ನು ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದರು. "ಅಕ್ಕ ಇಷ್ಟು ಚಂದ ಮಾಡ್ಯಾಳ, ನೀನು ಅಳಾಕ ಹತ್ತೀಯಲ್ಲೋ ಹುಚ್ಚಪ್ಪಾ. ಸಂಜಿ ಆತು, ಬುಟ್ಟಿ ತಗೋ."

ಕಾರ್ತಿಕದ ಹುಣ್ಣಿಮೆ ಬಂತು. ಊರ ಮಂದಿಯೆಲ್ಲ ಸೇರಿದರು. ಕೊಡ ಬೀಳುತ್ತದೋ ಇಲ್ಲವೋ ಎಂದು ತಮ್ಮ ತಮ್ಮಲ್ಲೇ ಪಂಥ ಕಟ್ಟಿದರು. ಕೊಟ್ರಯ್ಯ ಅಜ್ಜನಿಗೆ ನಮಸ್ಕರಿಸಿ, ಎಣ್ಣೆಯ ಕೊಡವನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿದ.

ಹುಣಸೆಮರ ದಾಟಿದ. ಹಟ್ಟಿ ಬೇಸಿಗೆಯಲ್ಲಿದ್ದ ಜಾಗ ದಾಟಿದ. ಎಣ್ಣೆಯ ಭಾರಕ್ಕೆ ಹೆಗಲು ಉರಿಯಿತು, ಬೆವರು ಕಣ್ಣಿಗಿಳಿಯಿತು. ಕಾಲುಗಳು ಮಾತ್ರ ತಮ್ಮ ಪಾಡಿಗೆ ಹತ್ತಿದವು.

ನೆತ್ತಿಯ ಹತ್ತಿರದ ಹಟ್ಟಿಯಿಂದ ನಾಯಿಗಳು ಓಡಿಬಂದವು. ಹಿಂದೆಯೇ ಬೀರಪ್ಪ ಬಂದ. ದಿನದ ರೂಢಿ, ಎರಡೂ ಕೈ ಚಾಚಿ, "ಕೊಡ್ರಿ ಸ್ವಾಮ್ಯಾರ, ಇಳಸ್ತೀನಿ" ಎಂದ.

"ಮುಟ್ಟಬ್ಯಾಡೋ ಮಾರಾಯಾ! ಇದು ರೊಟ್ಟಿ ಬುಟ್ಟಿ ಅಲ್ಲ!"

ಬೀರಪ್ಪ ನಾಲಿಗೆ ಕಚ್ಚಿಕೊಂಡ. ಹಟ್ಟಿಯ ಮಂದಿ ಡೊಳ್ಳು ತಂದು ಬಾರಿಸುತ್ತಾ ಹಿಂದೆ ನಡೆದರು. ನಗು ತಡೆಯಲಾರದೆ, ನಕ್ಕರೆ ಎಣ್ಣೆ ಚೆಲ್ಲೀತೆಂದು ಹೆದರಿ, ಕೊಟ್ರಯ್ಯ ತುಟಿ ಬಿಗಿಹಿಡಿದು ಕಂಬದವರೆಗೆ ಹೋದ.

ಕೊಡ ಎಲ್ಲೂ ನೆಲ ಮುಟ್ಟಲಿಲ್ಲ.

ದೀಪ ಹೊತ್ತಿಕೊಂಡಿತು. ಕೊಟ್ರಯ್ಯ ಹೊಳೆಯಾಚೆ ನೋಡಿದ. ಮಬ್ಬಿನಲ್ಲಿ ಊರು ಸರಿಯಾಗಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಮಾಳಿಗೆಯ ಮೇಲೆ ಸಣ್ಣ ಬೆಳಕೊಂದು ಸುತ್ತು ಸುತ್ತು ತಿರುಗಿತು.

"ಅಕ್ಕಾ!" ಎಂದು ಕೂಗಿದ. ಅವಳಿಗೆ ಕೇಳುವಂತಿರಲಿಲ್ಲ. ಆದರೂ ಮತ್ತೆ ಮತ್ತೆ ಕೂಗಿದ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಕುಣಿಯುತ್ತಲೇ ಗುಡ್ಡ ಇಳಿದುಬಂದ. ಅಜ್ಜ ಮಠದ ಕಟ್ಟೆಯ ಮೇಲೆ ಕುಳಿತು ದೀಪ ನೋಡುತ್ತಿದ್ದರು.

"ಅಜ್ಜಾರ, ನೋಡಿದ್ರೇನ್ರಿ? ಅಕ್ಕ ಆರತಿ ಎತ್ತಿದ್ಲು!"

"ನೋಡಿದೆ, ತಮ್ಮಾ. ಕಣ್ಣು ತುಂಬಿ ಬಂತು."

ಕೊಟ್ರಯ್ಯ ಪಕ್ಕದಲ್ಲಿ ಕುಳಿತು ಹೊಟ್ಟೆ ಸವರಿಕೊಂಡ. ಹೊಟ್ಟೆ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ.

"ಕೆಲಸ ಅಂತೂ ಮುಗೀತ್ರಿ ಅಜ್ಜಾರ. ನಾಳಿಂದ ಒಂದೀಟು ಆರಾಮ ಕುಂದರ್ಲೇನ್ರಿ?"

ಅಜ್ಜ ಅವನ ಬೆನ್ನು ತಟ್ಟಿ ಎದ್ದರು.

"ದೀಪ ವರ್ಷಕ್ಕೊಮ್ಮೆ, ಕೊಟ್ರಾ. ಬೀರಪ್ಪನ ಹಸಿವು ದಿನಾ. ಬುಟ್ಟಿ ತೊಳದಿಡು."